ಓದುಗರ ಪ್ರಶ್ನೆ: ಹಬ್ಬಕ್ಕೆ ವಿಮಾನ ಹತ್ತುವ ಮೊದಲು

ಹಬ್ಬದ ಪ್ರಯಾಣದ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಬಂದ ಪತ್ರಗಳಲ್ಲಿ ಬಸ್ಸು, ರೈಲಿಗಿಂತ ವಿಮಾನದ ಪ್ರಶ್ನೆಗಳೇ ಜಾಸ್ತಿ. 1989ರಿಂದ 2021ರವರೆಗೆ ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಕೂತು ಟಿಕೆಟ್ ಮಾಡಿಕೊಡುತ್ತಿದ್ದವನು ನಾನು. ಕಂಡದ್ದನ್ನು, ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಮಗ ದೆಹಲಿಯಲ್ಲಿ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬರುವ ಟಿಕೆಟ್ ಆಗಸ್ಟ್‌ನಲ್ಲಿ ನೋಡಿದಾಗ ಆರು ಸಾವಿರ ಇತ್ತು. ರಜೆ ಸಿಗುತ್ತದೋ ಇಲ್ಲವೋ ಎಂದು ಕಾದ. ಹಬ್ಬಕ್ಕೆ ಮೂರು ವಾರ ಇದೆ ಅನ್ನುವಾಗ ಹದಿನಾಲ್ಕು ಸಾವಿರ! ಅದೇ ವಿಮಾನ, ಅದೇ ಸೀಟು. ಇದು ಮೋಸ ಅಲ್ವಾ ಸರ್? — ಒಬ್ಬ ತಾಯಿ, ಧಾರವಾಡ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಅಮ್ಮ. ಕಾನೂನಿನ ಪ್ರಕಾರ ಇದು ಮೋಸ ಅಲ್ಲ. ಆದರೆ ನ್ಯಾಯವೇ ಅಂತ ಕೇಳಿದರೆ, ನನ್ನ ಮಟ್ಟಿಗೆ ಅಲ್ಲ.

ನಾನು ಕೆಲಸಕ್ಕೆ ಸೇರಿದಾಗ ದೇಶದ ಒಳಗೆ ಹಾರುವುದೆಂದರೆ ಹೆಚ್ಚುಕಡಿಮೆ ಇಂಡಿಯನ್ ಏರ್‌ಲೈನ್ಸ್ ಒಂದೇ. ಬೆಂಗಳೂರಿನಿಂದ ದೆಹಲಿಗೆ ಇಷ್ಟು ಅಂತ ಒಂದು ದರ. ದೀಪಾವಳಿಗೂ ಅಷ್ಟೇ, ಆಷಾಢಕ್ಕೂ ಅಷ್ಟೇ. ಕಷ್ಟ ಇದ್ದದ್ದು ದುಡ್ಡಿನಲ್ಲಿ ಮಾತ್ರ ಅಲ್ಲ, ಸೀಟು ಸಿಗುವುದರಲ್ಲಿ. ಟಿಕೆಟ್ಟಿನ ಮೇಲೆ ಸ್ಟೇಟಸ್ ಅಂತ ಒಂದು ಪುಟ್ಟ ಚೌಕ ಇರುತ್ತಿತ್ತು. ಅದರಲ್ಲಿ 'ಓಕೆ' ಅಂತ ಬಿದ್ದರೆ ಮನೆಯವರೆಲ್ಲ ಉಸಿರು ಬಿಡುತ್ತಿದ್ದರು. ಬೀಳದಿದ್ದರೆ ವೇಟಿಂಗ್ ಲಿಸ್ಟ್, ದಿನಾ ನಮ್ಮ ಕೌಂಟರಿಗೆ ಓಡಾಟ, ಯಾರದ್ದಾದರೂ ಕೋಟಾ ಸಿಗುತ್ತದಾ ಅಂತ ಹುಡುಕಾಟ. ಆದರೆ ಒಮ್ಮೆ 'ಓಕೆ' ಆಯಿತು ಅಂದರೆ ಮುಗಿಯಿತು, ಮತ್ತೆ ದರದ ಚಿಂತೆ ಇಲ್ಲ. ಈಗ ಸೀಟು ಬೆರಳ ತುದಿಯಲ್ಲಿ ಸಿಗುತ್ತದೆ. ನಿಶ್ಚಿಂತೆ ಮಾತ್ರ ಹೋಗಿದೆ.

ಈಗಿನ ಲೆಕ್ಕ ಹೇಗೆ ಅಂದರೆ, ಒಂದು ವಿಮಾನದಲ್ಲಿ 180 ಸೀಟು ಇದೆ ಅಂದುಕೊಳ್ಳಿ. ಕಂಪನಿ ಅದನ್ನು ಹತ್ತಾರು ಬುಟ್ಟಿಗಳಲ್ಲಿ ಇಡುತ್ತದೆ. ಮೊದಲ ಬುಟ್ಟಿಯ ದರ ಕಡಿಮೆ, ಅದರಲ್ಲಿರುವ ಸೀಟೂ ಕಡಿಮೆ. ಅದು ಖಾಲಿಯಾದರೆ ಮುಂದಿನ ಬುಟ್ಟಿ, ಅದರ ದರ ಜಾಸ್ತಿ. ಹಬ್ಬದ ಮುಂಚಿನ ದಿನಗಳಿಗೆ ಅಗ್ಗದ ಬುಟ್ಟಿಯಲ್ಲಿ ಸೀಟನ್ನೇ ಹೆಚ್ಚು ಇಡುವುದಿಲ್ಲ. ನಿಮ್ಮ ಮಗ ಕಾದ ದಿನಗಳಲ್ಲಿ ಆ ಬುಟ್ಟಿಗಳು ಒಂದೊಂದಾಗಿ ಖಾಲಿಯಾಗಿವೆ, ಅಷ್ಟೇ. ಪದೇಪದೇ ಹುಡುಕಿದರೆ ದರ ಏರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನೀವು ನೋಡಿದ್ದಕ್ಕೆ ಏರುವುದಲ್ಲ, ನೀವು ನೋಡುತ್ತಾ ಕೂತಾಗ ಬೇರೆಯವರು ಕೊಂಡದ್ದಕ್ಕೆ ಏರುವುದು.

ಈ ಬುಟ್ಟಿ ಲೆಕ್ಕ ಗೊತ್ತಿದ್ದರೆ ಒಂದು ಉಪಾಯವೂ ಗೊತ್ತಾಗುತ್ತದೆ. ಮನೆಯವರು ನಾಲ್ವರು ಹೊರಟಿದ್ದೀರಿ ಅಂತ ನಾಲ್ಕು ಸೀಟು ಒಟ್ಟಿಗೆ ಹುಡುಕುತ್ತೀರಿ. ಅಗ್ಗದ ಬುಟ್ಟಿಯಲ್ಲಿ ಮೂರೇ ಸೀಟು ಉಳಿದಿದ್ದರೆ ಕಂಪ್ಯೂಟರು ನಾಲ್ಕೂ ಸೀಟನ್ನು ಮೇಲಿನ ದರದಲ್ಲೇ ತೋರಿಸುತ್ತದೆ. ಹಾಗಾಗಿ ಮೊದಲು ಒಂದು ಸೀಟಿಗೆ, ಆಮೇಲೆ ಎರಡಕ್ಕೆ, ಹೀಗೆ ಹುಡುಕಿ ನೋಡಿ. ವ್ಯತ್ಯಾಸ ಕಂಡರೆ ಮೂರು ಮತ್ತು ಒಂದು ಅಂತ ಬೇರೆಬೇರೆಯಾಗಿ ಮಾಡಿ. ಆದರೆ ಸಣ್ಣ ಮಕ್ಕಳನ್ನು ಒಂದೇ ಟಿಕೆಟ್ಟಿನಲ್ಲಿ ಅಮ್ಮನ ಜೊತೆಗೇ ಇಡಿ, ವಿಮಾನ ರದ್ದಾದಾಗ ಬೇರೆಬೇರೆ ಟಿಕೆಟ್ಟಿನವರು ಬೇರೆಬೇರೆ ಕಡೆ ಹೋಗುವ ಫಜೀತಿ ಬೇಡ.

ಇನ್ನೊಂದು ಮಾತು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಬುಕಿಂಗ್ ತೆರೆದ ದಿನ ರೈಲು ಸಿಗದವರು ವಿಮಾನದ ಕಡೆ ತಿರುಗುತ್ತಾರೆ. ಆದ್ದರಿಂದ ಹಬ್ಬಕ್ಕೆ ಎರಡೂವರೆ ತಿಂಗಳು ಇರುವಾಗಲೇ ವಿಮಾನದ ಟಿಕೆಟ್ ಮುಗಿಸಿಬಿಡಿ. ಧಾರವಾಡದವರಿಗೆ ದಾರಿಗಳೂ ಹಲವಿವೆ. ಹುಬ್ಬಳ್ಳಿಗೇ ಬರಬೇಕೆಂದಿಲ್ಲ, ಬೆಳಗಾವಿಯ ದರವನ್ನೂ ನೋಡಿ. ಬೆಂಗಳೂರಿನವರೆಗೆ ವಿಮಾನದಲ್ಲಿ ಬಂದು ರಾತ್ರಿ ಉಳಿದು ಬೆಳಗಿನ ವಂದೇ ಭಾರತ್ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.

ನ್ಯಾಯ ಅಲ್ಲ ಅಂದೆನಲ್ಲ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ಬೇಡಿಕೆ ಇದ್ದಾಗ ದರ ಏರುವುದು ವ್ಯಾಪಾರ. ಹಬ್ಬಕ್ಕೆ ಎಲ್ಲರೂ ಒಂದೇ ಕಡೆ ಹೋಗುತ್ತಾರೆ, ವಿಮಾನ ತಿರುಗಿ ಬರುವಾಗ ಅರ್ಧ ಖಾಲಿ ಬರುತ್ತದೆ, ಆ ಖರ್ಚೂ ನಮ್ಮ ಟಿಕೆಟ್ಟಿನ ಮೇಲೇ ಬೀಳುತ್ತದೆ, ಇದೆಲ್ಲ ಒಪ್ಪೋಣ. ಆದರೆ ಅದಕ್ಕೆ ಒಂದು ಮಿತಿ ಇರಬೇಕು. ಕೊರೋನಾ ಕಾಲದಲ್ಲಿ, 2020ರ ಮೇ 25ರಂದು ವಿಮಾನಗಳು ಮತ್ತೆ ಶುರುವಾದಾಗ, ಸರ್ಕಾರ ಕನಿಷ್ಠ-ಗರಿಷ್ಠ ದರ ಗೊತ್ತು ಮಾಡಿತ್ತು. 2022ರ ಆಗಸ್ಟ್ 31ಕ್ಕೆ ಅದನ್ನು ತೆಗೆದರು. 2025ರ ಡಿಸೆಂಬರ್ ಮೊದಲ ವಾರ ಸಾವಿರಾರು ವಿಮಾನಗಳು ರದ್ದಾಗಿ ದರ ಆಕಾಶಕ್ಕೆ ಏರಿದಾಗ ಮತ್ತೆ ಗರಿಷ್ಠ ಮಿತಿ ಹಾಕಿದರು. 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ, ಅದರಾಚೆ ದೂರಕ್ಕೆ ತಕ್ಕಂತೆ. ಅಂದರೆ ಮನಸ್ಸು ಮಾಡಿದರೆ ಸಾಧ್ಯ. ವರ್ಷಕ್ಕೆ ನಾಲ್ಕಾರು ಹಬ್ಬದ ವಾರಗಳಿಗಾದರೂ ಇಂಥದ್ದೊಂದು ಮಿತಿ ಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಈ ಸಲ ಟಿಕೆಟ್ ಸಿಗದೇ ಹೋದರೆ ಬೇಸರ ಮಾಡಿಕೊಳ್ಳಬೇಡಿ. ಜನ ಊರಿಗೆ ಬರುವ ದಿನಗಳಲ್ಲಿ ಎದುರು ದಿಕ್ಕಿನ ಸೀಟು ಹಲವು ಸಲ ಅಗ್ಗವಾಗಿರುತ್ತದೆ. ಒಂದು ವರ್ಷ ನೀವೇ ಹೋಗಿ ಮಗನ ಮನೆಯಲ್ಲಿ ದೀಪ ಹಚ್ಚಿ ಬನ್ನಿ.

ಪ್ರಶ್ನೆ: 1986ರ ದಸರಾ ರಜೆಯಲ್ಲಿ ನಾನು ಬೆಂಗಳೂರಿನಿಂದ ಮುಂಬಯಿಗೆ ವಿಮಾನದಲ್ಲಿ ಹೋಗಿದ್ದೆ. ಎಷ್ಟು ಮರ್ಯಾದೆ ಇತ್ತು! ಈಗ ಬಸ್‌ಸ್ಟ್ಯಾಂಡಿನ ಹಾಗಿದೆ. ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ. ನೀವಾದರೂ ಬರೆಯಿರಿ. — ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಮೊಮ್ಮಕ್ಕಳಿಗೆ ಇದನ್ನು ಓದಿ ಹೇಳಿ, ನೀವು ಹೇಳಿದ್ದು ನಿಜ.

ಆಗ ಬೆಂಗಳೂರಿನ ವಿಮಾನ ನಿಲ್ದಾಣ ಎಂದರೆ ಎಚ್‌ಎಎಲ್. ಊರಿನೊಳಗೇ ಇತ್ತು, ಆಟೋದಲ್ಲಿ ಹೋಗಿ ಇಳಿಯಬಹುದಿತ್ತು. ಒಬ್ಬರು ಹೊರಟರೆ ಬೀಳ್ಕೊಡಲು ಹತ್ತು ಜನ. ಸಂದರ್ಶಕರ ಟಿಕೆಟ್ ಕೊಂಡು ಒಳಗೂ ಹೋಗುತ್ತಿದ್ದರು. ವಿಮಾನದ ಒಳಗೆ ಗಗನಸಖಿ ತಟ್ಟೆಯಲ್ಲಿ ಚಾಕೊಲೇಟು, ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದಳು. ಮಕ್ಕಳು ಎರಡು ಕೈಯಲ್ಲೂ ಬಾಚಿಕೊಳ್ಳುತ್ತಿದ್ದರು. ಬಿಸಿ ಊಟ, ಸ್ಟೀಲಿನ ಚಮಚ. ಟಿಕೆಟ್ ಎಂದರೆ ಕೆಂಪು ಕಾರ್ಬನ್ ಮೆತ್ತಿದ ಪುಟ್ಟ ಪುಸ್ತಕ, ಹರಿದು ಕೊಟ್ಟ ನಮ್ಮ ಬೆರಳೂ ಕೆಂಪಾಗುತ್ತಿತ್ತು. ಜಗತ್ತಿನಾದ್ಯಂತ ಆ ಕಾಗದದ ಟಿಕೆಟ್ 2008ರ ಜೂನ್ 1ಕ್ಕೆ ನಿಂತಿತು. ಅದೇ ವರ್ಷ, ಒಂದು ವಾರ ಮೊದಲು, ಮೇ 24ಕ್ಕೆ ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಗಿತ್ತು. ಒಂದೇ ವಾರದಲ್ಲಿ ನನ್ನ ಕೆಲಸದ ಅರ್ಧ ರೂಪ ಬದಲಾಯಿತು. ಮೊದಲು "ಟಿಕೆಟ್ ಜೋಪಾನ" ಎನ್ನುತ್ತಿದ್ದವನು ಆಮೇಲೆ "ಮೂರು ತಾಸು ಮೊದಲು ಮನೆ ಬಿಡಿ" ಎನ್ನತೊಡಗಿದೆ.

ಬೀಳ್ಕೊಡುವ ಸಂಭ್ರಮ ಹೋದದ್ದಕ್ಕೆ ಬೇರೆ ಕಾರಣ ಇದೆ. ಅದೂ ರಜೆಯ ದಿನಗಳಲ್ಲೇ ನಡೆದದ್ದು. 1999ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ, ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಡಿಸೆಂಬರ್ 31ರವರೆಗೆ ಇಡೀ ದೇಶ ಉಸಿರು ಬಿಗಿಹಿಡಿದು ಕೂತಿತ್ತು. ಆ ವಾರ ನಮ್ಮ ಕೌಂಟರಿನಲ್ಲಿ ಹೊಸ ವರ್ಷದ ಪ್ರವಾಸದ ಟಿಕೆಟ್ ವಾಪಸ್ ಮಾಡಲು ಬಂದವರ ಮುಖಗಳು ನನಗೆ ಇನ್ನೂ ನೆನಪಿವೆ. ಮರುವರ್ಷದಿಂದ ನಿಲ್ದಾಣಗಳ ಭದ್ರತೆ ಒಂದೊಂದಾಗಿ ಪೊಲೀಸರ ಕೈಯಿಂದ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಹೋಯಿತು. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಕೈಚೀಲದ ನೀರು, ಎಣ್ಣೆಗೂ ಲೆಕ್ಕ ಬಂತು. ಬೀಳ್ಕೊಡುವವರು ಬಾಗಿಲ ಹೊರಗೇ ಉಳಿದರು.

ಮರ್ಯಾದೆಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ ಮೇಷ್ಟ್ರೇ. ಆ ಮರ್ಯಾದೆ ಎಷ್ಟು ಜನಕ್ಕೆ ಸಿಗುತ್ತಿತ್ತು? ನನ್ನ ಕೌಂಟರಿಗೆ ಬರುತ್ತಿದ್ದವರು ಕಂಪನಿಯ ಸಾಹೇಬರು, ಸರ್ಕಾರಿ ಅಧಿಕಾರಿಗಳು, ಡಾಕ್ಟರುಗಳು. ಸ್ವಂತ ದುಡ್ಡಿನಲ್ಲಿ ಹಬ್ಬಕ್ಕೆ ಊರಿಗೆ ಹೋಗುವವರು ಅಪರೂಪ. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿತು. ಊಟ ಇಲ್ಲ, ಸೀಟಿನ ನಂಬರ್ ಇಲ್ಲ, ಟಿಕೆಟ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತಿತ್ತು, ಒಂದು ರೂಪಾಯಿಯ ಟಿಕೆಟ್ ಕೂಡ ಬಂತು. ನಮ್ಮಂಥ ಏಜೆಂಟರಿಗೆ ಅದು ಹೊಟ್ಟೆಯ ಮೇಲೆ ಹೊಡೆತವೇ. ಆದರೆ ಮುಂದಿನ ದೀಪಾವಳಿಗೆ ಒಬ್ಬ ಲೇತ್ ಕೆಲಸಗಾರ ಪೀಣ್ಯದಿಂದ ಬಂದು, ಅಮ್ಮನನ್ನು ಒಮ್ಮೆ ವಿಮಾನದಲ್ಲಿ ಕರೆದುಕೊಂಡು ಹೋಗಬೇಕು ಅಂತ ಎರಡು ಟಿಕೆಟ್ ಮಾಡಿಸಿಕೊಂಡು ಹೋದ. ಹಬ್ಬ ಮುಗಿಸಿ ಬಂದವನು ಒಂದು ಡಬ್ಬಿ ಕರ್ಜಿಕಾಯಿ ತಂದುಕೊಟ್ಟು, "ಅವ್ವ ಕಿಟಕಿ ಬಿಟ್ಟು ಮುಖ ತಿರುಗಿಸಲೇ ಇಲ್ಲ ಸರ್" ಅಂದ. ಬಸ್‌ಸ್ಟ್ಯಾಂಡಿನ ಹಾಗೆ ಗಿಜಿಗುಟ್ಟುತ್ತದೆ, ನಿಜ. ಆ ಗದ್ದಲದಲ್ಲಿ ಆ ಅವ್ವನೂ ಇದ್ದಾಳೆ.

ಪ್ರಶ್ನೆ: ಕುಂದಾಪುರದವರು ನಾವು. ನನ್ನ ಗಂಡ ದುಬೈಯಲ್ಲಿ ಇದ್ದಾರೆ. ಮಂಗಳೂರಿಗೆ ನೇರ ವಿಮಾನ ಇದ್ದರೂ ಡಿಸೆಂಬರ್‌ನಲ್ಲಿ, ಜುಲೈಯಲ್ಲಿ ದರ ಕೇಳಿದರೆ ತಲೆ ತಿರುಗುತ್ತದೆ. ಮೊದಲಿನವರು ಹೇಗೆ ಬರುತ್ತಿದ್ದರು?

ಮೊದಲಿನವರು ತುಂಬಾ ಕಷ್ಟಪಟ್ಟು ಬರುತ್ತಿದ್ದರು ಅಕ್ಕ. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೂ ಮುಂಚೆ ಕರಾವಳಿಯ ಹೆಚ್ಚಿನವರು ಮುಂಬಯಿಗೆ ಬಂದಿಳಿದು, ನೆಂಟರ ಖೋಲಿಯಲ್ಲಿ ಒಂದು ರಾತ್ರಿ ಮಲಗಿ, ಹಗ್ಗ ಬಿಗಿದ ಪೆಟ್ಟಿಗೆಗಳ ಜೊತೆ ಬಸ್ಸು ಹತ್ತಿ ಘಟ್ಟ, ಹೊಳೆ ದಾಟಿ ಊರು ಸೇರುತ್ತಿದ್ದರು. ಮೂವತ್ತು ದಿನದ ರಜೆಯಲ್ಲಿ ಮೂರು-ನಾಲ್ಕು ದಿನ ದಾರಿಯಲ್ಲೇ ಹೋಗುತ್ತಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಗುರುತು ಹಿಡಿಯದೆ ಅಳುತ್ತಿದ್ದ ಮಕ್ಕಳ ಕಥೆ ಕರಾವಳಿಯ ಎಷ್ಟೋ ಮನೆಗಳಲ್ಲಿದೆ.

ಈಗಿನ ದರ ಏರುವುದಕ್ಕೆ ಕಾರಣ ಸರಳ. ಕೊಲ್ಲಿಯ ಶಾಲೆಗಳಿಗೆ ಜುಲೈ-ಆಗಸ್ಟ್ ರಜೆ, ಸೆಖೆಯೂ ಅದೇ ಹೊತ್ತಿಗೆ. ಇಡೀ ಕುಟುಂಬಗಳು ಒಂದೇ ವಾರ ಊರಿಗೆ ಹೊರಡುತ್ತವೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್, ಮದುವೆ, ಕೋಲ, ನೇಮ ಎಲ್ಲ ಸೇರುತ್ತವೆ. ನಿಮ್ಮ ಮನೆಯವರಿಗೆ ಮಕ್ಕಳ ಶಾಲೆಯ ಕಟ್ಟು ಇಲ್ಲದಿದ್ದರೆ, ಶಾಲೆಗೆ ರಜೆ ಸಿಗುವ ಒಂದು ವಾರ ಮೊದಲೇ ಹೊರಡಲು ಹೇಳಿ. ಗೋವಾ, ಕಣ್ಣೂರು, ಬೆಂಗಳೂರಿನ ದರಗಳನ್ನೂ ಹೋಲಿಸಿ ನೋಡಲಿ. ಆದರೆ ಮಕ್ಕಳು, ವಯಸ್ಸಾದವರು ಇದ್ದರೆ ಮೂರು ಸಾವಿರ ಉಳಿಸಲು ಘಟ್ಟದ ರಾತ್ರಿ ಪ್ರಯಾಣ ಬೇಡವೇ ಬೇಡ.

ಪ್ರಶ್ನೆ: ಮಗಳಿಗೆ ಕೊಬ್ಬರಿ, ಗಸಗಸೆ, ಉಪ್ಪಿನಕಾಯಿ ಒಯ್ಯಬಹುದಾ? — ತುಮಕೂರು

ಕೊಬ್ಬರಿ ಬೇಡ. ತಿಪಟೂರಿನ ಪಕ್ಕದವರಿಗೆ ಇದನ್ನು ಹೇಳಲು ನನಗೇ ಕಷ್ಟ, ಆದರೆ ಒಣಕೊಬ್ಬರಿಯ ಎಣ್ಣೆಯಂಶದಿಂದ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲೇ ಇದೆ. ಹಸಿ ತೆಂಗಿನಕಾಯಿಗೂ ಕೈಚೀಲದಲ್ಲಿ ಅವಕಾಶ ಇಲ್ಲ. ಶಬರಿಮಲೆಗೆ ಇರುಮುಡಿ ಹೊತ್ತು ಹೋಗುವವರಿಗೆ 2024ರ ಮಂಡಲ ಕಾಲದಲ್ಲಿ ಸರ್ಕಾರ ವಿಶೇಷ ಅನುಮತಿ ಕೊಟ್ಟಿತ್ತು. ಗಸಗಸೆ ಮಗಳು ಎಲ್ಲಿದ್ದಾಳೆ ಅನ್ನುವುದರ ಮೇಲೆ ಹೋಗುತ್ತದೆ. ದುಬೈ, ಅಬುಧಾಬಿ, ಸಿಂಗಪುರಕ್ಕೆ ಒಂದು ಚಮಚವೂ ಬೇಡ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿನ ಮಾತು. ಅಮೆರಿಕಕ್ಕಾದರೆ ಕರಿಬೇವು ಕಟ್ಟಬೇಡಿ. ಉಪ್ಪಿನಕಾಯಿ, ತುಪ್ಪ, ಖಾರದಪುಡಿ, ಚಟ್ನಿಪುಡಿ ಎಲ್ಲ ದೊಡ್ಡ ಲಗೇಜಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ದೊಡ್ಡ ಲಗೇಜಿನಲ್ಲಿ ಇಡಲೇಬಾರದು.

ಪ್ರಶ್ನೆ: ಹೋದ ಜನವರಿಯಲ್ಲಿ ಸಂಕ್ರಾಂತಿಗೆ ಹೊರಟಾಗ ನಮ್ಮ ವಿಮಾನ ಐದು ತಾಸು ತಡವಾಗಿ, ಕೊನೆಗೆ ರದ್ದಾಯಿತು. "ದೆಹಲಿಯಲ್ಲಿ ಮಂಜು" ಅಂದರು. ನಾವು ಹೊರಟದ್ದು ಬೆಂಗಳೂರಿನಿಂದ ಪುಣೆಗೆ! ಒಂದು ಲೋಟ ನೀರನ್ನೂ ಕೊಡಲಿಲ್ಲ. ನಮ್ಮ ಹಕ್ಕು ಏನು? — ದಾವಣಗೆರೆ

ಮಂಜಿನ ಮಾತು ನೆಪ ಅನ್ನಿಸಿದರೂ ನಿಜ ಇರಬಹುದು. ಒಂದೇ ವಿಮಾನ ದಿನಕ್ಕೆ ನಾಲ್ಕಾರು ಊರು ಸುತ್ತುತ್ತದೆ. ಬೆಳಿಗ್ಗೆ ದೆಹಲಿಯಲ್ಲಿ ಸಿಕ್ಕಿಕೊಂಡ ವಿಮಾನವೇ ಮಧ್ಯಾಹ್ನ ನಿಮ್ಮನ್ನು ಪುಣೆಗೆ ಒಯ್ಯಬೇಕಿತ್ತು. ಡಿಸೆಂಬರ್-ಜನವರಿಯಲ್ಲಿ ಉತ್ತರದ ಮಂಜಿನ ಬಿಸಿ ಇಡೀ ದೇಶಕ್ಕೆ ತಟ್ಟುತ್ತದೆ. ಹಿಂದೆ ವಿಮಾನ ಕಡಿಮೆ, ನಡುವೆ ಬಿಡುವು ಇರುತ್ತಿತ್ತು. ಈಗ ನೆಲಕ್ಕೆ ಇಳಿದು ಅರ್ಧ ತಾಸಿನಲ್ಲಿ ಮತ್ತೆ ಏರಬೇಕು. ಬೆಳಿಗ್ಗೆ ಆದ ಒಂದು ತಾಸಿನ ತಡ ರಾತ್ರಿಗೆ ಮೂರು ತಾಸು ಆಗಿರುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಬೇರೆ ಊರಿನಿಂದ ಬಂದು ಹೊರಡುವ ಸಂಜೆಯ ವಿಮಾನಕ್ಕಿಂತ, ರಾತ್ರಿ ಇಲ್ಲೇ ನಿಂತು ಬೆಳಿಗ್ಗೆ ಹೊರಡುವ ಮೊದಲ ವಿಮಾನ ಹಿಡಿಯಿರಿ. ಬೆಂಗಳೂರಿನಲ್ಲೂ ಚಳಿಗಾಲದ ಬೆಳಿಗ್ಗೆ ಮಂಜು ಬೀಳುತ್ತದೆ, ಆದರೂ ಇದೇ ವಾಸಿ.

ಇನ್ನು ನಿಮ್ಮ ಹಕ್ಕು. ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಇಂಥ ಸಣ್ಣ ಪ್ರಯಾಣದಲ್ಲಿ ಎರಡು ತಾಸಿಗಿಂತ ಹೆಚ್ಚು ತಡವಾದರೆ ಕಾಯುವವರಿಗೆ ತಿಂಡಿ, ಪಾನೀಯ ಕೊಡಬೇಕು. ಮಂಜಿದ್ದರೂ ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್, ಯಾವುದು ಎಂದು ಆರಿಸುವುದು ನೀವು. ಸರಿಯಾಗಿ ಮುಂಚಿತವಾಗಿ ತಿಳಿಸದೆ ಕಂಪನಿಯ ತಪ್ಪಿನಿಂದ ರದ್ದಾದರೆ ಅದರ ಮೇಲೆ ಪರಿಹಾರವೂ ಇದೆ. ಪ್ರಯಾಣದ ಅವಧಿ ನೋಡಿಕೊಂಡು 5,000ದಿಂದ 10,000 ರೂಪಾಯಿವರೆಗೆ, ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಂಜು, ಮಳೆಯಂಥ ಕಾರಣಕ್ಕೆ ಈ ಪರಿಹಾರ ಸಿಗುವುದಿಲ್ಲ, ಹಣ ವಾಪಸ್ ಮಾತ್ರ ಸಿಗಲೇಬೇಕು. ಕೊಡದಿದ್ದರೆ ಮೊದಲು ಕಂಪನಿಗೆ, ಆಮೇಲೆ ಸರ್ಕಾರದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಕೊಡಿ.

ಮೂವತ್ತೆರಡು ವರ್ಷದಲ್ಲಿ ಕಲಿತ ಒಂದು ಪಾಠ: ಏಜೆಂಟರ ಹತ್ತಿರವಾಗಲಿ, ಪಕ್ಕದ ಮನೆ ಹುಡುಗನಿಂದಾಗಲಿ ಟಿಕೆಟ್ ಮಾಡಿಸಿದರೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಎಷ್ಟೋ ಸಲ ರದ್ದಾದ ಸಂದೇಶ ಏಜೆಂಟರ ನಂಬರಿಗೆ ಬಂದು, ಪ್ರಯಾಣಿಕರು ಲಗೇಜು ಹೊತ್ತು ನಿಲ್ದಾಣಕ್ಕೆ ಹೋಗಿ ನಿಂತಿರುತ್ತಾರೆ. ನಂಬರ್ ಸರಿ ಇಲ್ಲದಿದ್ದರೆ ಪರಿಹಾರವೂ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಊರಿಗೂ ವಿಮಾನ ಬಂತು ಅಂತ ಖುಷಿಪಟ್ಟೆವು. ಹಬ್ಬಕ್ಕೆ ನಂಬಿಕೊಂಡು ಬುಕ್ ಮಾಡಬಹುದಾ? — ಶಿವಮೊಗ್ಗ

ಖುಷಿಪಡಿ, ಆದರೆ ಇನ್ನೊಂದು ದಾರಿ ಇಟ್ಟುಕೊಂಡು ಖುಷಿಪಡಿ. 2019ರಲ್ಲಿ ಕಲಬುರಗಿ, 2020ರಲ್ಲಿ ಬೀದರ್, 2023ರಲ್ಲಿ ನಿಮ್ಮ ಶಿವಮೊಗ್ಗದ ಸೋಗಾನೆ ನಿಲ್ದಾಣ, ಹೀಗೆ ಸಣ್ಣ ಊರುಗಳಿಗೆ ವಿಮಾನ ಬಂದದ್ದು ದೊಡ್ಡ ಮಾತೇ. ಉಡಾನ್ ಯೋಜನೆಯಲ್ಲಿ ಕಂಪನಿಗೆ ಸರ್ಕಾರದ ನೆರವು ಮೂರು ವರ್ಷ ಸಿಗುತ್ತದೆ. ನೆರವು ಮುಗಿದ ಮೇಲೆ ವಿಮಾನ ಉಳಿಯುವುದು ಸೀಟು ತುಂಬಿದರೆ ಮಾತ್ರ. ದಿನಕ್ಕೆ ಒಂದೋ ಎರಡೋ ವಿಮಾನ ಇರುವ ಊರಿನಲ್ಲಿ ಒಂದು ರದ್ದಾದರೆ ಮುಂದಿನದು ನಾಳೆಯೇ. ಹಬ್ಬದ ದಿನವೇ ಬರುವ ಟಿಕೆಟ್ ಮಾಡಬೇಡಿ, ಹಿಂದಿನ ದಿನಕ್ಕೆ ಮಾಡಿ.

ಪ್ರಶ್ನೆ: ನನ್ನ ಅತ್ತೆಗೆ 74 ವರ್ಷ. ಡಿಸೆಂಬರ್ ಕೊನೆಯಲ್ಲಿ ಮೊದಲ ಸಲ ಒಬ್ಬರೇ ಬೆಂಗಳೂರಿನಿಂದ ಅಹಮದಾಬಾದಿಗೆ ಹೋಗುತ್ತಿದ್ದಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಭಯವಾಗುತ್ತಿದೆ. — ಹಾಸನ

ಭಯ ಬೇಡ, ತಯಾರಿ ಬೇಕು. ಮೊದಲು ಕಂಪನಿಗೆ ಫೋನ್ ಮಾಡಿ ಗಾಲಿಕುರ್ಚಿ ಕೇಳಿ, ಕನಿಷ್ಠ 48 ಗಂಟೆ ಮೊದಲು. ನಡೆಯಲು ಬರುತ್ತದಲ್ಲ ಅಂತ ಅತ್ತೆ ಬೇಡ ಎನ್ನಬಹುದು. ದೇವನಹಳ್ಳಿಯ ಟರ್ಮಿನಲ್‌ನಲ್ಲಿ ಗೇಟಿನವರೆಗಿನ ನಡಿಗೆ ಸಣ್ಣದಲ್ಲ, ಒಪ್ಪಿಸಿ. ಕುರ್ಚಿ ತಳ್ಳುವವರು ಸಾಲು, ತಪಾಸಣೆ, ಗೇಟು ಎಲ್ಲ ದಾಟಿಸುತ್ತಾರೆ. ವೆಬ್ ಚೆಕ್‌ಇನ್ ನೀವೇ ಮಾಡಿ, ನಡುದಾರಿಯ ಪಕ್ಕದ ಸೀಟು ಹಾಕಿ, ಬೋರ್ಡಿಂಗ್ ಪಾಸನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಕೊಡಿ. ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲೇ ಬೆಂಗಳೂರಿಗೆ ಬಂದಿದೆ, ಆದರೆ ಮೊದಲ ಸಲ ಹೋಗುವ ಹಿರಿಯರಿಗೆ ಆಧಾರ್ ಕಾರ್ಡು ಕೈಯಲ್ಲಿರುವುದೇ ಧೈರ್ಯ.

ಟರ್ಮಿನಲ್ ಒಂದೋ ಎರಡೋ ಎಂದು ಹಿಂದಿನ ರಾತ್ರಿ ಮತ್ತೆ ನೋಡಿಕೊಳ್ಳಿ. ಡಿಸೆಂಬರ್ ಕೊನೆಯ ವಾರ ಅಂದರೆ ಹೊರಡುವ ಸಮಯಕ್ಕೆ ಮೂರು ತಾಸು ಮೊದಲೇ ಬಾಗಿಲಲ್ಲಿರಿ. ಒಂದು ತಾಸು ಇರುವಾಗ ಲಗೇಜಿನ ಕೌಂಟರ್ ಮುಚ್ಚುತ್ತಾರೆ, ಹಾಸನದಿಂದ ಬರುವವರು ನೆಲಮಂಗಲದ ಟ್ರಾಫಿಕ್ಕನ್ನೂ ಲೆಕ್ಕ ಹಾಕಿ.

ಕೊನೆಗೆ ಒಂದು ಸಣ್ಣ ಚೀಟಿ ಮಾಡಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಹೆಸರು, ವಿಮಾನದ ನಂಬರ್, ನಿಮ್ಮ ಫೋನು, ಮಗನ ಫೋನು, ತೆಗೆದುಕೊಳ್ಳುವ ಮಾತ್ರೆ. "ಇವರಿಗೆ ಕನ್ನಡ ಮಾತ್ರ ಬರುತ್ತದೆ" ಅನ್ನುವುದನ್ನು ಮೇಲೆಯೇ ದಪ್ಪಗೆ ಬರೆಯಿರಿ. ಅದನ್ನು ಅತ್ತೆಯ ಪರ್ಸಿನಲ್ಲಿ ಇಡಬೇಡಿ, ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಅಹಮದಾಬಾದಿನಲ್ಲಿ ಮಗ ಯಾವ ಬಣ್ಣದ ಅಂಗಿ ಹಾಕಿಕೊಂಡು ನಿಂತಿರುತ್ತಾನೆ ಅಂತ ಹೊರಡುವ ಮೊದಲೇ ಅವರಿಗೆ ಹೇಳಿರಿ.